ಬೆಬ್ಯಾಕೊಂಡದಲ್ಲಿ ಕಪ್ಪೆಗಳಿಲ್ಲ

ಪಂಚಾಯತಕ್ಕೆ ಬರುವ ಕಾಗದಗಳನ್ನು ಪೂರ್ತಿ ಓದುವ ಸದಸ್ಯೆ ಅಂತ ಇದ್ದವಳು ನಾನೊಬ್ಬಳೇ. ಇದು ಜಂಬವಲ್ಲ, ಚಟ. ಮೀನು ಮಾರುತ್ತಿದ್ದ ದಿನಗಳಲ್ಲೂ ಬಂಗಡೆ ಕಟ್ಟಿಕೊಡುವ ಪೇಪರನ್ನು ಓದಿ ಮುಗಿಸಿಯೇ ಕಟ್ಟುತ್ತಿದ್ದೆ, ಗಿರಾಕಿಗಳು ಬೈಯುತ್ತಿದ್ದರು. ಕಾರವಾರಕ್ಕೂ ಅಂಕೋಲೆಗೂ ನಡುವೆ ಇರುವ ನಮ್ಮ ಊರಿಗೆ ಮಹಿಳಾ ಮೀಸಲು ಬಂದಾಗ ನನ್ನನ್ನು ಚುನಾವಣೆಗೆ ನಿಲ್ಲಿಸಿದ್ದೂ ಅದೇ ಕಾರಣಕ್ಕೆ. "ನಿಂಗೆ ಓದೂಕೆ ಬತ್ತದಲಾ, ಸಾಕು," ಅಂದಿದ್ದರು ಈಗಿನ ಅಧ್ಯಕ್ಷರು.

ಹಾಗಾಗಿ ಅರಣ್ಯ ಇಲಾಖೆಯಿಂದ ಬಂದ ಕಪ್ಪೆಯ ಕಾಗದವನ್ನು ಮೊದಲು ಓದಿದ್ದೂ ನಾನೇ. ನಮ್ಮೂರ ಹಿಂದಿನ ಗುಡ್ಡದಲ್ಲಿ, ಕೆಂಪುಕಲ್ಲಿನ ಬಂಡೆಯ ನಡುವೆ ಒಂದು ನೀರಿನ ಗುಂಡಿ ಇದೆ. ಅಲ್ಲೊಂದು ಜಾತಿಯ ಸಣ್ಣ ಕಪ್ಪೆ ವಾಸವಾಗಿದೆ, ಬೇರೆ ಕಡೆ ಕಾಣಸಿಗುವುದು ಅಪರೂಪ, ಸಂತತಿ ಕಡಿಮೆಯಾಗುತ್ತಿದೆ. ಆದ್ದರಿಂದ ಗುಂಡಿಯನ್ನೂ ಸುತ್ತಲಿನ ಬಂಡೆಯನ್ನೂ ರಕ್ಷಿತ ತಾಣವೆಂದು ಘೋಷಿಸುವ ಪ್ರಸ್ತಾವನೆ ಇದೆ, ಪಂಚಾಯತ ಠರಾವಿನ ಮೂಲಕ ತನ್ನ ಅಭಿಪ್ರಾಯ ತಿಳಿಸಬೇಕು, ಅಲ್ಲಿಯವರೆಗೆ ಅಗೆಯುವುದು, ಒಡೆಯುವುದು, ಸಿಮೆಂಟು ಹಾಕುವುದು ಕೂಡದು. ಮೂರು ಸಲ ಓದಿದೆ. ಕಪ್ಪೆಯ ಗಾತ್ರ ಹೆಬ್ಬೆರಳಿನ ಉಗುರಿನಷ್ಟು ಎಂದು ಬರೆದಿತ್ತು. ಅಷ್ಟು ಸಣ್ಣ ಪ್ರಾಣಿಗೆ ಇಷ್ಟು ಉದ್ದದ ಕಾಗದವೇ! ಅದು ಕಡಿಮೆಯಾಗಿದೆ ಅಂತ ಇವರಿಗೆ ಹೇಗೆ ಗೊತ್ತು? ಯಾರು ಎಣಿಸಿದರು, ಯಾವಾಗ ಬಂದು ಎಣಿಸಿದರು? ನಾವು ದಿನಾ ಹೋಗುವ ಜಾಗದಲ್ಲಿ ನಮಗೆ ಕಾಣದೆ ಇದೆಲ್ಲ ನಡೆದಿತ್ತು.

ಆದರೆ ಕುತೂಹಲ ಒಂದು ಕಡೆ, ನೀರು ಒಂದು ಕಡೆ. ಸುಗ್ಗಿ ಹಬ್ಬ ಕಳೆಯಿತೆಂದರೆ ನಮ್ಮ ಕೇರಿಯ ಬಾವಿಗಳೆಲ್ಲ ಉಪ್ಪಾಗುತ್ತವೆ. ನಲ್ಲಿ ಇದೆ; ಅದು ಗಾಳಿ ಬಿಡುತ್ತದೆ, ನೀರು ಬಿಡುವುದಿಲ್ಲ. ಮಳೆ ಬರುವ ತನಕ ಸಿಹಿನೀರು ಅಂದರೆ ಆ ಗುಂಡಿಯದ್ದೇ. ಅದಕ್ಕಾಗಿ ಬಂಡೆ ಒಡೆದು, ಗುಂಡಿಯನ್ನು ಆಳ ಮಾಡಿ, ಸುತ್ತ ಗೋಡೆ ಕಟ್ಟಿ, ಪಂಪು ಇಟ್ಟು ಕೇರಿಗೆ ನೀರು ಇಳಿಸುವ ಕೆಲಸ ಆಗಲೇ ಮಂಜೂರಾಗಿತ್ತು. ಮಂಜೂರು ಮಾಡಿಸಿದವಳು ನನ್ನ ವೈನಿ, ನನ್ನ ಅಣ್ಣನ ಹೆಂಡತಿ. ಗುಡ್ಡ ಹತ್ತಿ ಇಳಿದು ಅವಳ ಎರಡೂ ಮೊಣಕಾಲು ಸವೆದಿದ್ದವು. ಆದರೂ ಗ್ರಾಮಸಭೆ ಎಂದರೆ ಎಲ್ಲರಿಗಿಂತ ಮೊದಲು ಬಂದು ಕೂತು, ಕೊಡ ಹೊರುವ ಸಿಂಬಿಯನ್ನು ಅಧ್ಯಕ್ಷರ ಮೇಜಿನ ಮೇಲೆ ಇಟ್ಟು, "ಇದ್ನ ನೀವು ಒಂದ್ ವಾರ ತಲೆ ಮೇಲೆ ಇಟ್ಕಣಿ," ಅನ್ನುತ್ತಿದ್ದಳು. ಹಾಗೆ ಎರಡು ವರ್ಷ ಹೇಳಿ ಹೇಳಿಯೇ ಕೆಲಸ ಮಂಜೂರಾದದ್ದು.

ಸಭೆಯಲ್ಲಿ ಕಾಗದದ ಸಾರಾಂಶ ಹೇಳಿದೆ. ಅಧ್ಯಕ್ಷರು ಒಂದು ನಿಮಿಷವೂ ಯೋಚಿಸಲಿಲ್ಲ. "ಕಪ್ಪೆ ಇದ್ರೆ ಅಲ್ದಾ ತೊಂದ್ರೆ? ಇಲ್ಲ ಹೇಳಿ ಬರದ್ರೆ ಮುಗೀತು."

ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಅಲ್ಲಿ ಕಪ್ಪೆಗಳಿವೆ ಎಂಬುದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ನೀರು ತುಂಬುವಾಗ ಕೊಡದೊಳಗೆ ಬಂದ ಮರಿಗಳನ್ನು ಎಷ್ಟು ಸಲ ಬೊಗಸೆಯಲ್ಲಿ ಎತ್ತಿ ವಾಪಸು ಬಿಟ್ಟಿದ್ದೇನೋ. ಆದರೆ ವೈನಿಯ ಮೊಣಕಾಲಿನ ಮುಂದೆ ಕಪ್ಪೆಯ ಲೆಕ್ಕ ಯಾರಿಗೆ ಬೇಕು ಅನ್ನಿಸಿತು. ನನ್ನ ಅಕ್ಷರ ದುಂಡಗಿದೆ ಎಂದು ಠರಾವು ಬರೆಯುವ ಕೆಲಸವೂ ನನ್ನ ಪಾಲಿಗೇ ಬಂತು. "ನಮ್ಮ ಗ್ರಾಮ ಪಂಚಾಯತ ಹದ್ದಿನ ಬೆಬ್ಯಾಕೊಂಡ ಎಂಬ ಸ್ಥಳದಲ್ಲಿ ಯಾವುದೇ ಜಾತಿಯ ಕಪ್ಪೆಗಳು ಇರುವುದಿಲ್ಲವೆಂದು ಸರ್ವಾನುಮತದಿಂದ ಠರಾಯಿಸಲಾಯಿತು." ಹನ್ನೊಂದು ಮಂದಿ ಸಹಿ ಹಾಕಿದೆವು. ಯಾರೂ ನಗಲಿಲ್ಲ.

ನಗು ಬಂದದ್ದು ಮಳೆಗಾಲ ಶುರುವಾದ ಮೇಲೆ, ಸ್ಥಳ ಪರಿಶೀಲನೆಗೆ ಮೂವರು ಬಂದ ದಿನ. ಒಬ್ಬರು ಘಟ್ಟದ ಮೇಲಿನ ಅಧಿಕಾರಿ, ಇನ್ನೊಬ್ಬಳು ಕಪ್ಪೆಗಳ ಬಗ್ಗೆ ಅಧ್ಯಯನ ಮಾಡುವ ಹುಡುಗಿ, ಮೂರನೆಯವನು ಮಲ್ಲಾಪುರದ ಕಡೆಯ ಅರಣ್ಯ ಗಾರ್ಡು. ಪಂಚಾಯತದ ಹಾಲ್‌ನಲ್ಲಿ ಚಹಾ ಕುಡಿದು ಅಧಿಕಾರಿ ನಮ್ಮ ಠರಾವನ್ನು ಗಟ್ಟಿಯಾಗಿ ಓದಿದರು. ಗಾರ್ಡು ಮೊದಲು ತುಟಿ ಕಚ್ಚಿ ಹಿಡಿದ. ಆಮೇಲೆ ಆಗದೆ ಚಹಾ ಉಗುಳಿ ನಕ್ಕುಬಿಟ್ಟ.

"ಏನ್ರೀ ಅದು?" ಎಂದರು ಅಧಿಕಾರಿ.

"ತಪ್ಪು ತಿಳ್ಕಣಬೇಡಿ ಸರ್. ಬೆಬೊ ಅಂದ್ರೆ ಕೊಂಕಣಿಲಿ ಕಪ್ಪೆ. ಕೊಂಡ ಅಂದ್ರೆ ನೀರಿನ ಗುಂಡಿ. ಕಪ್ಪೆಗುಂಡಿಲಿ ಕಪ್ಪೆ ಇಲ್ಲ ಹೇಳಿ ಬರದ್ ಕೊಟ್ಟಾರೆ ಇವ್ರು!"

ನಮ್ಮಲ್ಲಿ ಅಧ್ಯಕ್ಷರೇ ಮೊದಲು ನಕ್ಕರು, ನಂತರ ಎಲ್ಲರೂ. ನನ್ನ ಮುಖ ಮಾತ್ರ ಕೆಂಪಾಯಿತು. ಹನ್ನೊಂದು ಜನರಲ್ಲಿ ಹನ್ನೊಂದೂ ಮಂದಿಯ ಮನೆಮಾತು ಕೊಂಕಣಿ. ಬರೆದವಳು ನಾನು, ಓದಿ ಹೇಳಿದವಳು ನಾನು. ಒಬ್ಬರ ಕಿವಿಗೂ ಅದು ತಾಗಲಿಲ್ಲ ಅಂದರೆ ಹೇಗೆ? ಈಗಲೂ ನನಗದು ಸೋಜಿಗ. ಮನೆಯಲ್ಲಿ ಅದು ಕೊಂಕಣಿ ಮಾತು, ಪಹಣಿಯಲ್ಲಿ ಬರೆದಾಗ ಅದು ಬರೀ ಜಾಗದ ಹೆಸರು. ಸರಕಾರಿ ಕಾಗದ ಕೈಗೆ ಬಂದರೆ ನಾವು ಕನ್ನಡದಲ್ಲೇ ಯೋಚಿಸತೊಡಗುತ್ತೇವೆ, ಕೊಂಕಣಿಯನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬರುತ್ತೇವೆ. ದಿನಕ್ಕೆ ಹತ್ತು ಸಲ ಹೇಳುವ ಹೆಸರು ನಮಗೆ ಕೇಳಿಸುವುದೇ ಇಲ್ಲ. ಆ ಹೆಸರು ಇಟ್ಟವರು ಯಾರಿರಬಹುದು? ಅವರೂ ನೀರಿಗೆ ಹೋದ ಹೆಂಗಸರೇ ಇರಬೇಕು, ಇನ್ಯಾರು ಅಲ್ಲಿ ಹೋಗಿ ಕೂರುತ್ತಾರೆ.

ಮಳೆ ಬಿಟ್ಟ ಮೇಲೆ ಗುಡ್ಡ ಹತ್ತಿದೆವು. ಅಧಿಕಾರಿ ಕೊಡೆ ಹಿಡಿದು ದೂರವೇ ನಿಂತರು. ಆ ಹುಡುಗಿ ಒದ್ದೆ ಬಂಡೆಯ ಮೇಲೆ ಹೊಟ್ಟೆಯಡಿಯಾಗಿ ಮಲಗಿಯೇ ಬಿಟ್ಟಳು. ನನಗೆ ತಡೆಯಲಾಗಲಿಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನೂ ಅವಳ ಪಕ್ಕ ಮಲಗಿದೆ. ಅಧ್ಯಕ್ಷರು ಹಿಂದಿನಿಂದ, "ಎಂತ ಅವತಾರ ನಿಂದು!" ಎಂದರು. ಅವಳು ತುಟಿಯ ಮೇಲೆ ಬೆರಳಿಟ್ಟಳು. ಆಗ ಕೇಳಿಸಿತು, ಬಾಲ್‌ಪೆನ್ನಿನ ಗುಂಡಿ ಒತ್ತಿದ ಹಾಗೆ, ಟಿಕ್, ಟಿಕ್. ಇಷ್ಟು ವರ್ಷ ಅದನ್ನು ಹುಳದ ಸದ್ದು ಅಂದುಕೊಂಡಿದ್ದೆ.

ಬಂಡೆಯ ಸೀಳಿನೊಳಗೆ, ಪಾಚಿಯ ಮೇಲೆ ಕಂದು ಬಣ್ಣದ ಒಂದು ಚುಕ್ಕೆ. ಅದರ ಹೊಟ್ಟೆಯಡಿ ಸಾಬುದಾನಿಯಂಥ ಮೊಟ್ಟೆಗಳು.

"ತಾಯಿನಾ?" ಎಂದು ಪಿಸುಗುಟ್ಟಿದೆ.

"ಅಲ್ಲ ಅಕ್ಕ, ಗಂಡು. ಮೊಟ್ಟೆ ಕಾಯೋದು ಇವನೇ."

"ಊಟಕ್ಕೆ?"

"ಕಾಯೋವಾಗ ಜಾಗ ಬಿಟ್ಟು ದೂರ ಹೋಗಲ್ಲ."

ನಮ್ಮ ಕೇರಿಯ ಗಂಡಸರನ್ನೆಲ್ಲ ಸಾಲಾಗಿ ಕರೆತಂದು ತೋರಿಸಬೇಕು ಎಂದೆ. ಅವಳು ನಕ್ಕಾಗ ಟಿಕ್ ಟಿಕ್ ನಿಂತುಹೋಯಿತು. ನಾನು ಕೇಳುತ್ತಲೇ ಹೋದೆ. ಬೇಸಿಗೆಯಲ್ಲಿ ಎಲ್ಲಿರುತ್ತವೆ? ಎಂತ ತಿನ್ನುತ್ತವೆ? ನಾವು ಮಾತಾಡಿದ್ದು ಕೇಳುತ್ತದೆಯೇ? ಅವಳು ಬೇಸರಿಸದೆ ಉತ್ತರ ಕೊಟ್ಟಳು. ಕೊನೆಗೆ ಕೇಳಲೇಬೇಕಾದ್ದನ್ನು ಕೇಳಿದೆ. "ಬಂಡೆ ಒಡೆದು ಟಾಕಿ ಕಟ್ಟಿದ್ರೆ?"

"ಇವು ಉಳಿಯಲ್ಲ. ಬೇರೆ ಕಡೆ ಬಿಟ್ಟರೂ ಬದುಕಲ್ಲ."

"ಹಂಗಾದ್ರೆ ನಮ್ಮ ನೀರು?"

ಅವಳು ಎದ್ದು ಕೂತು ಕನ್ನಡಕ ಒರೆಸಿಕೊಂಡಳು. "ಅದು ನನಗೆ ಗೊತ್ತಿಲ್ಲ ಅಕ್ಕ," ಅಂದಳು. ಸುಳ್ಳು ಭರವಸೆ ಕೊಡಲಿಲ್ಲ. ಅದಕ್ಕೇ ಅವಳು ನನಗೆ ಇಷ್ಟವಾದಳು.

ಠರಾವು ತಿದ್ದಲು ಮತ್ತೆ ಸಭೆ ಕರೆದರು. ಆ ಹೆಸರು ಹಳೇ ಕಾಲದ್ದು, ಈಗ ಕಪ್ಪೆಗಳಿಲ್ಲ ಎಂದು ಬರೆಯೋಣ ಎಂದರು ಅಧ್ಯಕ್ಷರು. ಐದು ಮಂದಿ ಹೌದೆಂದರು, ಐದು ಮಂದಿ ಬೇಡವೆಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಬಾಗಿಲ ಹತ್ತಿರದ ಬೆಂಚಿನಲ್ಲಿ ವೈನಿ ಕಾಲು ಚಾಚಿ ಕೂತಿದ್ದಳು. ಅವಳನ್ನು ನೋಡದೆ ಎದ್ದು ನಿಂತೆ.

"ಕಪ್ಪೆ ಅದೆ. ನಾ ಕಣ್ಣಾರೆ ಕಂಡೆ. ಇಲ್ಲ ಹೇಳಿ ಇನ್ನೊಂದ್ ಸಲ ಬರಿಯೂಕೆ ನನ್ ಕೈಲಿ ಆಗ. ಜಾಗ ಉಳೀಲಿ. ಆದ್ರೆ ಕೇರಿಗೆ ಬೇರೆ ಕಡಿಂದ ನೀರು ಮೊದ್ಲು ಬರ್ಬೇಕು, ಅದ್ನೂ ಇದ್ರಲ್ಲೇ ಬರೀಬೇಕು."

ಮೊದಲಿನ ಮಾತು ಪಾಸಾಯಿತು. ಎರಡನೆಯದಕ್ಕೆ ಪಿಡಿಒ ಅಡ್ಡಡ್ಡ ತಲೆಯಾಡಿಸಿದರು. ವಿಷಯಸೂಚಿಯಲ್ಲಿ ಇರುವುದು ಕಪ್ಪೆ ಮಾತ್ರ, ನೀರು ಬೇರೆ ಇಲಾಖೆ, ಅದಕ್ಕೆ ಬೇರೆ ಠರಾವು ಆಗಬೇಕು ಎಂದರು. ಜಗಳ ಮಾಡಿದೆ, ಮೇಜು ಕುಟ್ಟಿದೆ. ಅವರು ಒಳ್ಳೆಯ ಮನುಷ್ಯರೇ. ನಿಯಮದ ಪುಸ್ತಕ ತೆಗೆದು ತೋರಿಸಿದರು, ಅವರು ಹೇಳಿದಂತೆಯೇ ಇತ್ತು. ಬರೆದು ಮುಗಿಸಿ ತಲೆ ಎತ್ತಿದಾಗ ಬೆಂಚು ಖಾಲಿಯಾಗಿತ್ತು. ನನಗೆ ನಾಚಿಕೆಯಾಯಿತು. ಮಾಡಿದ್ದು ತಪ್ಪು ಅಂತಲೂ ಅನ್ನಿಸಲಿಲ್ಲ, ಅದೇ ಹೆಚ್ಚು ಹಿಂಸೆ.

ಗುಂಡಿಯ ಹತ್ತಿರ ಈಗ ಹಸಿರು ಫಲಕ ನಿಂತಿದೆ. ಬಂಡೆ ಹಾಗೇ ಉಳಿದಿದೆ. ನೀರು ತುಂಬಲು ನಮಗೆ ಅಡ್ಡಿಯಿಲ್ಲ. ನೀರಿನ ಬೇರೆ ಠರಾವನ್ನು ನಾನು ಪ್ರತಿ ಸಭೆಯಲ್ಲೂ ಎತ್ತುತ್ತೇನೆ, ಅದು ಪ್ರತಿ ಸಭೆಯಲ್ಲೂ ಪಾಸಾಗುತ್ತದೆ, ಮೇಲೆ ಹೋಗುತ್ತದೆ, ಅಲ್ಲಿಂದ ಮುಂದೆ ಏನಾಗುತ್ತದೋ ಗೊತ್ತಿಲ್ಲ. ಪ್ರತಿ ಮಳೆಗಾಲದ ಆರಂಭದಲ್ಲಿ ಆ ಹುಡುಗಿ ಬಂದು ಕಪ್ಪೆಗಳನ್ನು ಎಣಿಸುತ್ತಾಳೆ. ಈ ವರ್ಷ ಹೆಚ್ಚಾಗಿವೆ ಎಂದು ಹೇಳಲು ನಮ್ಮ ಮನೆಗೇ ಬಂದಳು, ಮುಖ ಅರಳಿತ್ತು. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ವೈನಿ ಜಗಲಿಯ ಮೇಲೆ, ಊರುಗೋಲು ಪಕ್ಕಕ್ಕಿಟ್ಟು, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಹುಡುಗಿಯ ಮಾತನ್ನೆಲ್ಲ ಕೇಳಿಸಿಕೊಂಡು, ಅವಳ ನೋಟ್‌ಬುಕ್ಕಿನ ಕಡೆ ಕೈ ತೋರಿಸಿದಳು.

"ಹೆಚ್ಚಾದ್ದು ಒಳ್ಳೇದೇ ಆಯ್ತು, ಮಗಾ. ಹಂಗೇ ನೀರಿಗೆ ಗುಡ್ಡ ಹತ್ತೂ ಹೆಂಗಸ್ರನ್ನೂ ಒಂದ್ ಸಲ ಎಣ್ಸಿ ಬರ್ಕ. ಈ ವರ್ಷ ಒಬ್ಳು ಕಮ್ಮಿ."