ಪಾರ್ಟ್‌ಟೈಮ್‌ನವರ ಪರವಾಗಿ ವಿಮಲಾಕ್ಷಿ

ವಿಮಲಾಕ್ಷಿ ಬೆಳಿಗ್ಗೆ ಶಿವಾಜಿನಗರದ ಒಂದು ಕಾಲೇಜಿನಲ್ಲಿ, ಮಧ್ಯಾಹ್ನ ಕೆ.ಆರ್. ಪುರದ ಇನ್ನೊಂದರಲ್ಲಿ ಇತಿಹಾಸ ಪಾಠ ಮಾಡುತ್ತಿದ್ದರು. ಎರಡೂ ಕಡೆ ಪಾರ್ಟ್‌ಟೈಮ್. ಮಾರ್ಚಿಗೆ ಪಾಠ ಮುಗಿದರೆ ಕೆಲಸವೂ ಮುಗಿದಂತೆ. ಜೂನ್‌ನಲ್ಲಿ ಮತ್ತೆ ಕರೆದರೆ ಉಂಟು, ಇಲ್ಲವಾದರೆ ಇಲ್ಲ. ರಾಯಚೂರಿನಿಂದ ಬಂದು ಜೀವನ್ ಬಿಮಾ ನಗರದಲ್ಲಿ ಬಾಡಿಗೆ ಮನೆ ಹಿಡಿದಾಗಿನಿಂದ ಇದೇ ಪಾಡು.

ನಗರದ ಇತಿಹಾಸ ಅಧ್ಯಾಪಕರದ್ದೊಂದು ಪರಿಷತ್ತಿತ್ತು. ಪ್ರತಿ ವರ್ಷ ಹಲಸೂರಿನ ಒಂದು ಸಭಾಂಗಣದಲ್ಲಿ ಅದರ ಸಮ್ಮೇಳನ. ಪಾರ್ಟ್‌ಟೈಮ್‌ನವರು ಅಲ್ಲಿ ಪ್ರಬಂಧ ಓದಬಹುದಿತ್ತು, ಮತ ಹಾಕುವಂತಿರಲಿಲ್ಲ. ಕಾಯಂ ಅಧ್ಯಾಪಕರ ಬ್ಯಾಡ್ಜಿನಲ್ಲಿ ಕಾಲೇಜಿನ ಹೆಸರಿದ್ದರೆ ಇವರ ಬ್ಯಾಡ್ಜಿನಲ್ಲಿ ಬರೀ ಇವರ ಹೆಸರು. 2001ರಲ್ಲಿ ಅವರಂತೆಯೇ ಪಾರ್ಟ್‌ಟೈಮ್ ಆಗಿದ್ದ ಗೆಳತಿ ಫಹ್ಮಿದಾ, ದಂಡು ಪ್ರದೇಶದ ಹಳೆಯ ಬಾವಿಗಳ ಬಗ್ಗೆ ಪ್ರಬಂಧ ಓದಿದಳು. ಜನ ಮೆಚ್ಚಿಕೊಂಡರು. ಆಮೇಲೆ ಊಟದ ಸಾಲಿನಲ್ಲಿ ಹಿರಿಯರೊಬ್ಬರು ಅವಳ ಬ್ಯಾಡ್ಜ್ ನೋಡಿ, "ಯಾರ್ ಜೊತೆ ಬಂದಿದ್ದೀರಮ್ಮ?" ಎಂದು ಕೇಳಿದರು. ಫಹ್ಮಿದಾ ನಕ್ಕು ತಟ್ಟೆ ಮುಂದೆ ಚಾಚಿದಳು. ವಿಮಲಾಕ್ಷಿ ಊಟದ ಸಾಲು ಬಿಟ್ಟು ಹೊರಬಂದರು.

ಪಾರ್ಟ್‌ಟೈಮ್‌ನವರಿಗೂ ಪರಿಷತ್ತಿನ ಸಮಿತಿಯಲ್ಲೊಂದು ಸ್ಥಾನ ಬೇಕೆಂದು ಅವರು ಅಂದೇ ಕಾರ್ಯದರ್ಶಿ ಸಿದ್ಧಲಿಂಗೇಶರನ್ನು ಕೇಳಿದರು. ಸಿದ್ಧಲಿಂಗೇಶ ಕೆಟ್ಟವರಲ್ಲ, ನಿಯಮ ಬಿಟ್ಟು ಆಚೀಚೆ ಸರಿಯದ ಮನುಷ್ಯ. ಸಮಿತಿಯವರನ್ನು ವಿಚಾರಿಸಿಕೊಂಡು ಬಂದು, ಒಂದು ವರ್ಷದ ಮಟ್ಟಿಗೆ ನೀವೇ ಬಂದು ಕೂತುಕೊಳ್ಳಿ ಎಂದರು.

ಆ ವರ್ಷವೆಲ್ಲ ವಿಮಲಾಕ್ಷಿ ತಮ್ಮಂಥವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿದರು. ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಓಡುವವರು ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತಲೇ ಸಿಗುತ್ತಿದ್ದರು. ಎಲ್ಲರಿಗೂ ಮತದ ಹಕ್ಕು ಬೇಕಿತ್ತು. ಹೆಸರು ಹೊರಬಿದ್ದರೆ ಜೂನ್‌ನಲ್ಲಿ ಕರೆಯುವುದಿಲ್ಲ ಎಂಬ ಭಯವೂ ಎಲ್ಲರಿಗಿತ್ತು.

ಸಮಿತಿಯ ಕೊನೆಯ ಸಭೆಯಲ್ಲಿ ವಿಮಲಾಕ್ಷಿ ಮತದ ವಿಷಯ ಎತ್ತಿದಾಗ ಸಿದ್ಧಲಿಂಗೇಶ, ಯಾರ್ಯಾರ ಬೇಡಿಕೆ ಇದು, ಹೆಸರು ಹೇಳಿದರೆ ಬರೆದುಕೊಳ್ಳುತ್ತೇನೆ ಎಂದರು. ಎದುರಿಗೇ, ಸಮಿತಿಯ ಸದಸ್ಯರಾಗಿ, ಅವರ ಶಿವಾಜಿನಗರದ ಕಾಲೇಜಿನ ಪ್ರಿನ್ಸಿಪಾಲರು ಕೂತಿದ್ದರು.

"ಹೆಸ್ರು ಹೇಳಲ್ಲ ಸರ್," ಎಂದರು ವಿಮಲಾಕ್ಷಿ. "ಹೇಳಿದ್ರೆ ಅವರಿಗೆ ಮುಂದಿನ್ವರ್ಷ ಕ್ಲಾಸ್ ಇರಲ್ಲ. ನನ್ನೊಬ್ಬಳ ಹೆಸ್ರು ಬರ್ಕೊಳ್ಳಿ."

ಸಿದ್ಧಲಿಂಗೇಶ ಅದೊಂದೇ ಹೆಸರು ಬರೆದುಕೊಂಡು, ವಿಷಯವನ್ನು ಸಮ್ಮೇಳನದಲ್ಲಿ ಮತಕ್ಕೆ ಹಾಕಿದರು. ಕಾಯಂ ಸದಸ್ಯರೇ ಕೈಯೆತ್ತಬೇಕಿತ್ತು. ಎತ್ತಿದರು, ಮತದ ಹಕ್ಕು ಸಿಕ್ಕಿತು, ಗೆದ್ದದ್ದು ಸ್ವಲ್ಪದರಲ್ಲೇ.

ಜೂನ್‌ನಲ್ಲಿ ಶಿವಾಜಿನಗರದಿಂದ ಕರೆ ಬರಲಿಲ್ಲ. ಯಾಕೆಂದು ಅವರು ಕೇಳಲೂ ಹೋಗಲಿಲ್ಲ. ಗಂಡ ಲಕ್ಷ್ಮಿಕಾಂತ ಮಾತ್ರ ಒಂದು ಸಂಜೆ, "ನಂಗೊಂದು ಮಾತು ಹೇಳ್ಬಹುದಿತ್ತು ಕಣೆ" ಎಂದ. ಅವನು ಬೇಡವೆಂದಿದ್ದರೆ ತಮ್ಮ ಧೈರ್ಯ ಹೋಗಿಬಿಡುತ್ತಿತ್ತು, ಅದಕ್ಕೇ ಹೇಳಲಿಲ್ಲ ಎಂದರು ವಿಮಲಾಕ್ಷಿ.

ಬೆಳಗಿನ ಹೊತ್ತು ಕಮ್ಮನಹಳ್ಳಿಯ ಟ್ಯುಟೋರಿಯಲ್ ಒಂದರಲ್ಲಿ ಪಾಠ ಸಿಕ್ಕಿತು. ಮತದ ಹಕ್ಕು ಸಿಕ್ಕಿದ್ದರಿಂದ ಸಮಿತಿಯ ಚುನಾವಣೆಗೆ ಫಹ್ಮಿದಾ ನಿಂತಳು. ಮೊದಲ ಸಲ ಸೋತಳು, ಮರುವರ್ಷ ಗೆದ್ದಳು. ವಿಮಲಾಕ್ಷಿ ಕಾಯಂ ಆಗಲೇ ಇಲ್ಲ. ಅದರ ಬಗ್ಗೆ ಅವರು ಕೊರಗಿದ್ದನ್ನು ಯಾರೂ ಕಾಣರು. ಶಿವಾಜಿನಗರದ ಕಾಲೇಜಿನ ಹಿಂದಿನ ಬೆಂಚಿನ ಹುಡುಗಿಯರು ಮಾತ್ರ, ಉತ್ತರವನ್ನು ಅರ್ಧ ಕನ್ನಡದಲ್ಲಿ ಅರ್ಧ ಉರ್ದುವಿನಲ್ಲಿ ಹೇಳಿ ನಗುತ್ತಿದ್ದವರು, ಅವರಿಗೆ ಬಹಳ ದಿನ ನೆನಪಾಗುತ್ತಿದ್ದರು.