ಬಚ್ಚಲ ಗೋಡೆಯ ಬಿಳಿ ಚೌಕ

ಬಾಡಿಗೆ ಮನೆಗಳ ತಪಾಸಣೆಗೆ ನಗರಸಭೆಯಿಂದ ಬರುವ ಆ ಹೆಂಗಸಿಗೆ ಇಣುಕಮ್ಮ ಎಂದು ಹೆಸರಿಟ್ಟವರು ಮನೆ ಮಾಲೀಕರು. ಹೆಸರೇನೂ ಸುಳ್ಳಲ್ಲ. ಸಿಂಕಿನ ಕೆಳಗೆ, ಬೀರುವಿನ ಹಿಂದೆ, ಮೀಟರ್ ಪೆಟ್ಟಿಗೆಯ ಒಳಗೆ ಆಕೆ ಇಣುಕದ ಜಾಗವಿಲ್ಲ. ಚಿಕ್ಕಂದಿನಲ್ಲೂ ಮುಚ್ಚಿದ ಡಬ್ಬಿ ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. "ಎಲ್ಲಾದಕ್ಕೂ ಮೂಗು ತೂರಿಸ್ತೀಯಲ್ಲೇ" ಎಂದು ಅಮ್ಮನಿಂದ ಬೈಸಿಕೊಂಡ ಆ ಚಟವೇ ಈಗ ಸಂಬಳ ತರುತ್ತಿತ್ತು.

ಹಾಗಂತ ಹೇಳದೆ ಕೇಳದೆ ಯಾರ ಮನೆಗೂ ನುಗ್ಗುವವಳಲ್ಲ. ಅವಳೂ ಬಾಡಿಗೆ ಮನೆಯಲ್ಲೇ ಬೆಳೆದವಳು. ಒಮ್ಮೆ ಅಧಿಕಾರಿಗಳು ದಿಢೀರನೆ ಬಂದಾಗ ಅಮ್ಮ ಒದ್ದೆ ಕೂದಲಲ್ಲೇ ಬಾಗಿಲ ಹಿಂದೆ ಮುದುಡಿ ನಿಂತದ್ದನ್ನು ಮರೆತಿಲ್ಲ. ಅದಕ್ಕೇ ಕಚೇರಿಯಲ್ಲಿ ಜಗಳವಾಡಿ, ತಪಾಸಣೆಯ ದಿನ ತಿಳಿಸುವ ಚೀಟಿಯನ್ನು ಒಂದು ವಾರ ಮೊದಲೇ ಬಾಗಿಲಿಗೆ ಅಂಟಿಸುವ ಪದ್ಧತಿ ತಂದಿದ್ದಳು. ಅದರ ಬಗ್ಗೆ ಒಳಗೊಳಗೇ ಹೆಮ್ಮೆ.

ಆ ದಿನದ ಸರದಿ ಟೈಲರಮ್ಮನದು. ಒಂದೇ ಕೋಣೆ, ಅದಕ್ಕಂಟಿದ ಬಚ್ಚಲು, ಕಿಟಕಿಯ ಬಳಿ ಹೊಲಿಗೆ ಯಂತ್ರ. ನೆಲ ಫಳಫಳ ಹೊಳೆಯುತ್ತಿತ್ತು, ಆದರೂ ಟೈಲರಮ್ಮ ಅದನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು. ಒಂದು ತಪ್ಪು ಸಿಕ್ಕರೂ ಮನೆಗೆ ಬೀಗ ಬೀಳುತ್ತದೆ ಎಂದು ಮಾಲೀಕ ಹೆದರಿಸಿಟ್ಟಿದ್ದ. ಈ ಬೀದಿಯ ಗಿರಾಕಿಗಳನ್ನು ಬಿಟ್ಟರೆ ಅವಳಿಗೆ ಬೇರೆ ಅನ್ನದ ದಾರಿಯಿಲ್ಲ.

ಮಗಳು ಆಗಷ್ಟೇ ಸ್ನಾನ ಮುಗಿಸಿ ಬಂದು ತಲೆ ಹಿಡಿದು ಕೂತಳು.

"ಏನಾಯ್ತು ಮರಿ?"

"ತಲೆನೋವು ಆಂಟಿ. ಸ್ನಾನ ಮಾಡಿದಾಗೆಲ್ಲ ಬರುತ್ತೆ."

"ಪರೀಕ್ಷೆ ಹತ್ರ ಬಂತಲ್ಲ, ಅದಕ್ಕೆ ನೆಪ," ಎಂದು ತಾಯಿ ಬಲವಂತದ ನಗೆ ನಕ್ಕಳು.

"ಮೊದಲಿಂದ್ಲೂ ಹೀಗೇನಾ?"

"ಇಲ್ಲ, ಈ ವಾರದಿಂದ."

ಇಣುಕಮ್ಮನ ಕಿವಿ ನೆಟ್ಟಗಾಯಿತು. ಈ ವಾರ ಬದಲಾದದ್ದೇನು? ಬಚ್ಚಲಿಗೆ ಹೋದಳು. ಗ್ಯಾಸ್ ಗೀಸರ್ ಹಳೆಯದು, ಪೈಪೂ ಹಳೆಯದು. ಗೋಡೆಯೂ ಹಳೆಯದೇ, ಆದರೆ ಮೇಲುಗಡೆ ಒಂದು ಚೌಕ ಮಾತ್ರ ಹಾಲಿನಷ್ಟು ಬೆಳ್ಳಗಿದೆ. ಹಳೇ ಗೋಡೆಗೆ ಹೊಸ ತೇಪೆ ಯಾಕಪ್ಪಾ? ಸ್ಟೂಲ್ ಹತ್ತಿ ತಟ್ಟಿದಳು. ಡಬ್ ಎಂದಿತು. ರಟ್ಟು. ಅಳತೆಗೆ ಸರಿಯಾಗಿ ಕತ್ತರಿಸಿ, ಅಂಚಿಗೆ ಬಟ್ಟೆಪಟ್ಟಿ ಅಂಟಿಸಿ, ಸುಣ್ಣ ಬಳಿದ ರಟ್ಟು. ಅಂಗಿಯ ಕಾಲರಿನಷ್ಟೇ ಅಚ್ಚುಕಟ್ಟು. ಕಿತ್ತರೆ ಹಿಂದೆ ಗಾಳಿಕಿಂಡಿ.

ರಟ್ಟನ್ನು ಕೆಳಗೆಸೆದು ಸ್ಟೂಲಿನಿಂದ ಇಳಿದಳು. ಗಾಳಿಯಾಡದ ಕಡೆ ಗ್ಯಾಸ್ ಉರಿದರೆ ವಾಸನೆಯಿಲ್ಲದ, ಕಣ್ಣಿಗೆ ಕಾಣದ ವಿಷ ತುಂಬಿಕೊಳ್ಳುತ್ತದೆ.

"ಕಿಂಡಿ ಮುಚ್ಚಿ ಗೀಸರ್ ಉರಿಸಿದ್ದಕ್ಕೇ ಈ ತಲೆನೋವು. ಇನ್ನೊಂದು ಸ್ವಲ್ಪ ಹೊತ್ತು ಒಳಗಿದ್ದಿದ್ರೆ ನಿಮ್ಮ ಮಗಳು ಹೊರಗೆ ಬರ್ತಿರ್ಲಿಲ್ಲ. ಈಗ್ಲೇ ಡಾಕ್ಟರ ಹತ್ರ ಕರ್ಕೊಂಡು ಹೋಗಿ."

ಟೈಲರಮ್ಮ ಮಗಳನ್ನು ಎದೆಗೊತ್ತಿಕೊಂಡಳು. "ಕಿಂಡಿ ಅಂಚು ಒಡೆದು ಅಸಹ್ಯವಾಗಿತ್ತು ಮೇಡಂ. ನೀವು ನೋಡಿದ್ರೆ ಮನೆಗೆ ಬೀಗ ಹಾಕ್ತೀರ ಅಂತ..."

ಅಷ್ಟರಲ್ಲಿ ಬಾಗಿಲಿಗೆ ಬಂದು ನಿಂತಿದ್ದ ಮಾಲೀಕ ಬಾಯಿ ಹಾಕಿದ. "ನಾನೇನೂ ಮುಚ್ಚು ಅಂದಿಲ್ಲ." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ಇದಕ್ಕೇ. "ತಪ್ಪು ಇವಳದ್ದು. ಖಾಲಿ ಮಾಡಿಸ್ತೀನಿ ಬಿಡಿ."

"ಖಾಲಿ ಆಗ್ಬೇಕಾದ್ದು ಆ ಗೀಸರ್. ನಾಳೆನೇ ಹೊರಗಿನ ಗೋಡೆಗೆ ಹಾಕ್ಸಿ. ಅಲ್ಲೀವರೆಗೂ ಬಿಸಿನೀರು ನಿಮ್ಮ ಮನೆಯಿಂದ. ಈಯಮ್ಮ ಎಲ್ಲೂ ಹೋಗಲ್ಲ."

ಮಾಲೀಕ ತಲೆ ಕೆರೆದುಕೊಳ್ಳುತ್ತ ಮೆಟ್ಟಿಲಿಳಿದ. ಇಣುಕಮ್ಮ ಸ್ವಲ್ಪ ಬೀಗುತ್ತಲೇ ಚೀಲ ಹೆಗಲಿಗೇರಿಸಿದಳು. ಮಗಳ ಕೈ ಹಿಡಿದು ಹೊರಟಿದ್ದ ಟೈಲರಮ್ಮ ಹೊಸಿಲಲ್ಲಿ ನಿಂತಳು.

"ಬೇಜಾರು ಮಾಡ್ಕೋಬೇಡಿ ಮೇಡಂ. ಆ ಕಿಂಡಿ ಎಷ್ಟೋ ವರ್ಷದಿಂದ ಹಾಗೇ ಇತ್ತು. ನೀವು ಬರೋ ಚೀಟಿ ನೋಡ್ದೆ ಇದ್ದಿದ್ರೆ ನಾನು ಮುಟ್ತಾನೇ ಇರ್ಲಿಲ್ಲ."

ಇಣುಕಮ್ಮ ಹೆಗಲಿನ ಚೀಲದೊಳಗೆ ಇಣುಕಿದಳು. ಪಕ್ಕದ ಬೀದಿಗೆ ಅಂಟಿಸಬೇಕಾದ ಚೀಟಿಗಳು ಚೀಲದಲ್ಲೇ ಇದ್ದವು. ಅಂಟಿಸಿ ಹೋಗುವ ಬದಲು ಅಲ್ಲಿನ ಮೊದಲ ಮನೆಯ ಬಾಗಿಲು ಬಡಿದಳು. ತಪಾಸಣೆಯ ಸುದ್ದಿ ಅವಳಿಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಒಳಗೆ ಸುತ್ತಿಗೆಯ ಸದ್ದು. ಬಾಗಿಲು ತೆರೆದ ಅಜ್ಜಿ ಅವಳನ್ನು ಕಂಡು ಗಾಬರಿಯಾದಳು.

"ಮುಂದಿನ ವಾರ ಬರ್ತೀನಿ ಅಜ್ಜಿ. ಏನನ್ನೂ ಮುಚ್ಚಬೇಡಿ. ಒಡೆದಿದ್ದು ಒಡೆದ ಹಾಗೇ ಇರ್ಲಿ."

"ಬೀಗ ಹಾಕಲ್ವಾ?"

"ಹಾಕಲ್ಲ."

ಅಜ್ಜಿ ಒಳಗೆ ತಿರುಗಿ ಮಗನನ್ನು ಕೂಗಿದಳು: "ಲೋ, ಆ ಕಿಟಕಿಗೆ ಹೊಡೆದಿರೋ ಹಲಗೆ ಕಿತ್ತುಹಾಕೋ."