ಚರಗದ ದಿನ ಸಿಕ್ಕ ಗುರಿ

ಕೊರೋನಾ ತಣ್ಣಗಾದ ಮರುವರ್ಷ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಪಿಯು ಕಾಲೇಜುಗಳಿಗೆ ನಾನು ಕರಿಯರ್ ಕೌನ್ಸೆಲರ್ ಆಗಿದ್ದೆ. ಮಕ್ಕಳ ಒಲವು, ಸಾಮರ್ಥ್ಯಗಳನ್ನು ಮನಃಶಾಸ್ತ್ರದ ಸಹಾಯದಿಂದ ತಿಳಿದು, ಮುಂದಿನ ದಾರಿಯನ್ನು ಅವರೇ ಆರಿಸಿಕೊಳ್ಳುವಂತೆ ಮಾಡುವುದು ನನ್ನ ಕೆಲಸ. ಪ್ರಿನ್ಸಿಪಾಲರುಗಳು ಮಾತ್ರ, "ಬರ್ರಿ ಮೇಡಂ, ಹುಡುಗರಿಗೆ ಸ್ವಲ್ಪ ಬುದ್ಧಿ ಹೇಳ್ರಿ" ಎನ್ನುತ್ತಿದ್ದರು. ಬುದ್ಧಿ ಹೇಳಲು ಊರ ತುಂಬ ಜನರಿದ್ದಾರೆ, ಅದಕ್ಕೆ ನಾನು ಬಸ್ಸಿನಲ್ಲಿ ಧೂಳು ತಿಂದು ಬರಬೇಕೇ?

ಆಳಂದದಲ್ಲಿ ಸಿಕ್ಕವಳು ಭಾಗ್ಯಶ್ರೀ. ಸರಸಂಬಾದ ಹುಡುಗಿ, ದ್ವಿತೀಯ ಪಿಯು ಸೈನ್ಸ್. ತಂದೆ ಶರಣಪ್ಪನವರು ಮೊದಲ ಭೇಟಿಯಲ್ಲೇ ಕಡ್ಡಿ ಮುರಿದಂತೆ ಹೇಳಿದರು: "ನೋಡ್ರಿ ಮೇಡಂ, ಒಂದು ಗುರಿ ಅದ ಅಂದ್ರ ಎಲ್ಲಿಗರ ಕಳಿಸಿ ಓದಸ್ತೇನಿ. ಇಲ್ಲಂದ್ರ ಪರೀಕ್ಷಾ ಮುಗದ ಮ್ಯಾಲ ಮದುವಿ. ಸೋದರತ್ತಿ ಮಗ ಕಾಯಾಕತ್ತಾನ."

ಹುಡುಗಿಗೆ ಮದುವೆ ಬೇಡ, ಅದು ಮುಖದಲ್ಲೇ ಕಾಣುತ್ತಿತ್ತು. ಆದರೆ ಬೇಕಾದ್ದೇನು? ಒಲವು ಅಳೆಯುವ ಇಂಟರೆಸ್ಟ್ ಟೆಸ್ಟ್ ಮಾಡಿಸಿದೆ. ಎಲ್ಲದರಲ್ಲೂ ಒಂದೇ ಸಮ.

"ಯಾವ ಕೆಲಸ ಸೇರತದವ್ವಾ?"

"ಎಲ್ಲಾ ಸೇರತದ್ರಿ."

ಸಾಕಪ್ಪಾ ಸಾಕು! ನನಗೆ ತಲೆ ಕೆಟ್ಟು ಹೋಯಿತು.

ಎಳ್ಳಮಾವಾಸ್ಯೆಗೆ ಅವರ ಮನೆಯವರು ಹೊಲಕ್ಕೆ ಕರೆದರು. ಆ ದಿನ ನಮ್ಮ ಕಡೆ ಬಜ್ಜಿ ಪಲ್ಯ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಉಣಿಸಲು ಬೆಳೆಯ ಮೇಲೆ ಅನ್ನ ಎರಚುತ್ತಾರೆ. ಅದೇ ಚರಗ. ಅದನ್ನು ಚೆಲ್ಲುವಾಗ ರಾಗವಾಗಿ ಕೂಗುವುದು ಮನೆಯ ಹಿರಿಯರ ಹಕ್ಕು. ಭಾಗ್ಯಶ್ರೀಯ ಮುತ್ಯಾನಿಗೆ, ಅಂದರೆ ಅಜ್ಜನಿಗೆ, ಲಕ್ವಾ ಹೊಡೆದು ಮಾತು ಹೋಗಿತ್ತು. ಹಾಗಾಗಿ ಚರಗದ ಬುಟ್ಟಿಯನ್ನು ಶರಣಪ್ಪನವರೇ ಎತ್ತಿಕೊಂಡರು. ಮುತ್ಯಾನ ಕಣ್ಣು ತುಂಬಿ ಬಂತು.

ಭಾಗ್ಯಶ್ರೀ ಬುಟ್ಟಿಯನ್ನು ಇಸಿದುಕೊಂಡು ಮುತ್ಯಾನ ಮಡಿಲಲ್ಲಿಟ್ಟಳು. ಅವರ ಅಂಗೈ ಮೇಲೆ ತಾಳ ಹಾಕುತ್ತ ಕೂಗಿನ ಮೊದಲ ಅಕ್ಷರ ಎತ್ತಿಕೊಟ್ಟಳು. ಮುತ್ಯಾನ ಗಂಟಲಿನಿಂದ ಇಡೀ ಕೂಗು ಹೊರಬಂತು! ತೊಗರಿ ಹೊಲದಲ್ಲಿ ನಿಂತವರೆಲ್ಲ ಹಾಗೇ ನಿಂತುಬಿಟ್ಟರು.

"ಇದನ್ನ ಯಾರು ಕಲಿಸ್ಯಾರ?" ಎಂದೆ.

"ಯಾರೂ ಇಲ್ರಿ. ಮಾತು ಬರಂಗಿಲ್ಲ, ಆದ್ರ ಭಜನಿ ಪದ ಬರ್ತಾವ. ಅದಕ್ಕ ದಿನಾ ತಾಳ ಹಾಕಿ ಹಾಡಸ್ತೇನಿ. ಹೊತ್ತು ಹೋಗಿದ್ದೇ ತಿಳಿಯಂಗಿಲ್ರಿ, ಅವ್ವ ಬೈತಾಳ."

"ನನ್ನ ಮುಂದ ಯಾಕ ಹೇಳಲಿಲ್ಲ ಬೇ?"

"ಮುತ್ಯಾನ ಸೇವಾ ಅಲ್ಲೇನ್ರಿ ಅದು? ಕೆಲಸ ಹೆಂಗಾಗ್ತದ?"

ದಿನಾ ಕಾಯಕದ ಮಾತಾಡುವ ಮನೆಯಲ್ಲೇ ಹೆಣ್ಣುಮಗಳು ತಾನು ಮಾಡುವುದನ್ನು ಕೆಲಸವೆಂದು ಎಣಿಸಿರಲಿಲ್ಲ. ಸಿಟ್ಟೂ ಬಂತು, ಸಂತೋಷವೂ ಆಯಿತು. ಹೊತ್ತಿನ ಪರಿವೆ ಮರೆಸುವ ಕೆಲಸದಲ್ಲೇ ಮನಸ್ಸಿನ ನಿಜವಾದ ಒಲವಿರುತ್ತದೆ ಎಂದು ಮನಃಶಾಸ್ತ್ರ ಹೇಳುತ್ತದೆ. ಹೀಗೆ ಮಾತು ಕಳೆದುಕೊಂಡವರಿಗೆ ಮಾತು ಮರಳಿಸುವ ವೃತ್ತಿ ಸ್ಪೀಚ್ ಥೆರಪಿ, ಅದಕ್ಕೇ ಒಂದು ಡಿಗ್ರಿ ಇದೆ ಎಂದು ವಿವರಿಸಿದೆ.

"ಇದಕ್ಕೂ ಡಿಗ್ರಿ ಅದ ಏನ್ರಿ?" ಶರಣಪ್ಪನವರು ಮಗಳ ಕಡೆ ತಿರುಗಿದರು. "ಏನಂತಿ ಭಾಗ್ಯಾ?"

"ಇದನ್ನೇ ಓದ್ತೇನಪ್ಪಾ."

ಶರಣಪ್ಪನವರು ಇನ್ನೂ ಯೋಚಿಸುತ್ತಿದ್ದರು. ಮುತ್ಯಾ ಮಗನ ಕೈ ಹಿಡಿದು ಜಗ್ಗಿದರು. ತಾಳವಿಲ್ಲ, ರಾಗವಿಲ್ಲ. ತುಟಿ ನಡುಗಿಸಿ, ಬೆವೆತು, ಕೊನೆಗೂ ಒಂದು ಮಾತು ಹೊರತಂದರು: "ಕ... ಕಳಸು."

ಭಾಗ್ಯಶ್ರೀ ಈಗ ಆ ಡಿಗ್ರಿ ಓದುತ್ತಿದ್ದಾಳೆ. ನಾನು ಮಕ್ಕಳನ್ನು "ನಿನಗೇನು ಇಷ್ಟ?" ಎಂದು ಕೇಳುವುದನ್ನು ಬಿಟ್ಟಿದ್ದೇನೆ. "ಯಾರೂ ಹೇಳದಿದ್ದರೂ ದಿನಾ ಏನು ಮಾಡ್ತಿ?" ಎಂದು ಕೇಳುತ್ತೇನೆ. "ಏನಿಲ್ರಿ" ಎಂದವರನ್ನು ಸುಮ್ಮನೆ ಬಿಡುವುದಿಲ್ಲ, ಅವರ ಮನೆಗೇ ಹೋಗುತ್ತೇನೆ.